ನಾಲ್ಕು ಪೆಟ್ಟಿಗೆಗೆ ನಾಲ್ಕು ಮೈಕ್ ಬೇಡ, ಒಂದೇ ಪೆಟ್ಟಿಗೆಗೆ ಎರಡು ಹಾಕಿ

ಹೋದ ವರ್ಷ ಆಗಸ್ಟ್‌ನಲ್ಲಿ ನನ್ನ ಒಂದು ತುಡುವೆ ಕುಟುಂಬ ಪೆಟ್ಟಿಗೆ ಬಿಟ್ಟು ಹೋಯಿತು. ರೋಗ ಬಂದದ್ದಲ್ಲ, ಇರುವೆ ಹತ್ತಿದ್ದಲ್ಲ, ಕಡಜ ಕಾಡಿದ್ದೂ ಅಲ್ಲ. ನಾನೇ ಓಡಿಸಿದೆ. ನಾನೇ ಕೂರಿಸಿದ ಮೈಕ್ ಹೇಳಿದ್ದನ್ನು ನಂಬಿ ಓಡಿಸಿದೆ.

ಶಿರಸಿ ಕಡೆಯ ಅಡಿಕೆ ತೋಟ ನಮ್ಮದು. ತೋಟದ ಅಂಚಿನಲ್ಲಿ 14 ಜೇನು ಪೆಟ್ಟಿಗೆ ಇದ್ದವು, ಈಗ 13. ಮೊಬೈಲ್‌ನಲ್ಲಿ ವಿಡಿಯೋ ನೋಡಿ ಎಲೆಕ್ಟ್ರಾನಿಕ್ಸ್ ಕಲಿತವನು ನಾನು, ನಿಮ್ಮಲ್ಲಿ ಬಹಳ ಜನರ ಹಾಗೆಯೇ. ಮೊದಲು ತೋಟದ ಪಂಪಿಗೆ ಮೊಬೈಲ್ ಸ್ಟಾರ್ಟರ್, ಆಮೇಲೆ ಮಣ್ಣಿನ ತೇವ ನೋಡುವ ಸೆನ್ಸರ್, ಆಮೇಲೆ ಈ ಮೈಕಿನ ಹುಚ್ಚು ಹಿಡಿಯಿತು. ಒಂದೇ ಮೈಕ್ರೋಕಂಟ್ರೋಲರ್ ಬೋರ್ಡಿಗೆ ನಾಲ್ಕು ಡಿಜಿಟಲ್ ಮೈಕ್ ಜೋಡಿಸಿ ನಾಲ್ಕು ಪೆಟ್ಟಿಗೆಯ ಸದ್ದು ಕೇಳೋಣ ಅಂತ ಹೊರಟೆ. ಬೋರ್ಡ್ ಒಂದೇ ಸಾಕು, ದುಡ್ಡು ಉಳಿಯುತ್ತದೆ ಅಂತ ಲೆಕ್ಕ. ಈಗಲೂ ಇಂಥ ವಿಡಿಯೋ ದಿನಕ್ಕೊಂದು ಬರುತ್ತಿವೆ. ಒಂದು ಬೋರ್ಡಿಗೆ ನಾಲ್ಕು ಮೈಕ್, ಎಂಟು ಮೈಕ್, ಹದಿನಾರು ಮೈಕ್. ಟೇಬಲ್ ಮೇಲೆ ಎಲ್ಲವೂ ಕೆಲಸ ಮಾಡುತ್ತವೆ. ತೋಟಕ್ಕೆ ತಂದಾಗ ಏನಾಗುತ್ತದೆ ಅನ್ನುವುದನ್ನು ಯಾರೂ ತೋರಿಸುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಒಂದೇ ಬೋರ್ಡಿಗೆ ಹಲವು ಮೈಕ್ ಜೋಡಿಸುವುದು ಹೆಚ್ಚು ಜಾಗ ಕಾಯುವುದಕ್ಕಲ್ಲ. ಒಂದೇ ಜಾಗದ ಸದ್ದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳುವುದಕ್ಕೆ. ಈ ವ್ಯತ್ಯಾಸ ಗೊತ್ತಿಲ್ಲದೆ ನಾನು ಒಂದು ಕುಟುಂಬ ಕಳೆದುಕೊಂಡೆ.

ಸದ್ದು ಕೇಳುವುದು ಹೊಸ ವಿದ್ಯೆ ಅಲ್ಲ

ಜೇನು ಸಾಕುವ ಹಿರಿಯರು ಪೆಟ್ಟಿಗೆಗೆ ಕಿವಿ ಕೊಟ್ಟು ಬೆರಳಿನಿಂದ ಮೆಲ್ಲಗೆ ತಟ್ಟುವುದನ್ನು ನೀವು ನೋಡಿರಬಹುದು. ತುಡುವೆ ಒಳಗಿನಿಂದ 'ಬುಸ್' ಅಂತ ಒಟ್ಟಿಗೆ ಉಸಿರು ಬಿಟ್ಟ ಹಾಗೆ ಉತ್ತರ ಕೊಡುತ್ತದೆ. ಆ ಬುಸ್ ಚುರುಕಾಗಿ ಬಂದು ನಿಂತರೆ ಒಂದು ಅರ್ಥ, ಗೊಣಗುತ್ತಾ ಮುಂದುವರಿದರೆ ಇನ್ನೊಂದು ಅರ್ಥ. ಮುಚ್ಚಳ ತೆಗೆಯದೆ ಕುಟುಂಬದ ಸ್ಥಿತಿ ತಿಳಿಯುವ ಉಪಾಯ ಇದು.

ಇದನ್ನೇ ಯಂತ್ರದಿಂದ ಮಾಡಲು ಹೊರಟವರು ಇಂಗ್ಲೆಂಡಿನ ಎಡ್ಡಿ ವುಡ್ಸ್. ಬಿಬಿಸಿಯಲ್ಲಿ ಧ್ವನಿ ಎಂಜಿನಿಯರ್ ಆಗಿದ್ದವರು, ಮನೆಯಲ್ಲಿ ಜೇನು ಸಾಕಿದ್ದರು. ಕುಟುಂಬ ಪಾಲಾಗುವ ಮೊದಲು 225ರಿಂದ 285 ಹರ್ಟ್ಸ್ ನಡುವಿನ ಸದ್ದು ಹೆಚ್ಚುತ್ತದೆ ಅಂತ ಗಮನಿಸಿ, 1950ರ ದಶಕದಲ್ಲಿ 'ಏಪಿಡಿಕ್ಟರ್' ಅನ್ನುವ ಉಪಕರಣ ಮಾಡಿದರು. ಒಂದು ಮೈಕ್, ಒಂದಿಷ್ಟು ಫಿಲ್ಟರ್, ಕಿವಿಗೆ ಹೆಡ್‌ಫೋನ್. ಅಷ್ಟೇ. ಈಗ 'ಎಐ' ಅಂತ ಹೆಸರು ಹಚ್ಚಿ ಮಾರುವ ಪೆಟ್ಟಿಗೆಗಳ ಮೂಲ ಅಲ್ಲಿದೆ. ಒಂದು ಮಾತು: ವುಡ್ಸ್ ಕೇಳಿದ್ದು ಯುರೋಪಿನ ಮೆಲಿಫೆರಾ ಜೇನನ್ನು. ನಮ್ಮ ತುಡುವೆ ಅದಕ್ಕಿಂತ ಚಿಕ್ಕದು, ರೆಕ್ಕೆ ಬಡಿತ ಹೆಚ್ಚು, ಸ್ವಭಾವವೂ ಬೇರೆ. ಆ 225–285 ಅನ್ನುವ ಅಂಕಿಯನ್ನು ಹಾಗೇ ತಂದು ನಮ್ಮ ಪೆಟ್ಟಿಗೆಗೆ ಅಂಟಿಸಬೇಡಿ.

ಎರಡು ಮೈಕ್, ಒಂದೇ ವೈರ್: ಇದು ನೀರಿನ ಸರದಿ

ನಾನು ಬಳಸಿದ್ದು ಐಎನ್‌ಎಂಪಿ441 ಅನ್ನುವ ಮೈಕ್. ಬೆರಳ ತುದಿಯಷ್ಟು ದೊಡ್ಡದು. ಬೋರ್ಡು ಇಎಸ್‌ಪಿ32. ಈ ಮೈಕ್ ಸದ್ದನ್ನು ತನ್ನೊಳಗೇ ಅಂಕಿಯಾಗಿ ಮಾಡಿ ಕಳಿಸುತ್ತದೆ, ಅದಕ್ಕೇ ಡಿಜಿಟಲ್ ಮೈಕ್ ಅನ್ನುವುದು. ಕಳಿಸುವ ಕ್ರಮಕ್ಕೆ ಐಟುಎಸ್ ಅಂತ ಹೆಸರು, ಫಿಲಿಪ್ಸ್ ಕಂಪನಿ 1986ರಲ್ಲಿ ಮಾಡಿದ್ದು.

ಇದನ್ನು ಕಾಲುವೆ ನೀರಿನ ಸರದಿ ಅಂದುಕೊಳ್ಳಿ. ಒಂದೇ ಕಾಲುವೆ, ಇಬ್ಬರು ರೈತರು. ಇಬ್ಬರೂ ಒಟ್ಟಿಗೆ ಗೇಟು ಎತ್ತಿದರೆ ಜಗಳ. ಹಾಗಾಗಿ ಒಬ್ಬ ನೀರಗಂಟಿ ಗಂಟೆ ಹೊಡೆಯುತ್ತಾನೆ: ಈಗ ಎಡದವನ ಸರದಿ, ಈಗ ಬಲದವನ ಸರದಿ. ಮೈಕಿನಲ್ಲಿ ಡಬ್ಲ್ಯುಎಸ್ ಅನ್ನುವ ಪಿನ್ ಆ ಸರದಿ ಹೇಳುವುದು. ಎಸ್‌ಸಿಕೆ ಅನ್ನುವ ಪಿನ್ ಅಳತೆ ಎಣಿಸುವ ಗಡಿಯಾರ, ಅದನ್ನೇ ಕ್ಲಾಕ್ ಅನ್ನುತ್ತೇವೆ. ಎಸ್‌ಡಿ ಅನ್ನುವುದು ನೀರು ಹರಿಯುವ ಕಾಲುವೆ, ಅಂದರೆ ಸದ್ದಿನ ಅಂಕಿ ಬರುವ ದಾರಿ. ಇನ್ನು ಎಲ್/ಆರ್ ಅನ್ನುವ ಪಿನ್ ಇದೆಯಲ್ಲ, ಅದು ಆ ಮೈಕಿಗೆ 'ನೀನು ಎಡ' ಅಥವಾ 'ನೀನು ಬಲ' ಅಂತ ಹೇಳುವುದು. ಅದನ್ನು ಗ್ರೌಂಡಿಗೆ ಕೊಟ್ಟರೆ ಎಡ, 3.3 ವೋಲ್ಟಿಗೆ ಕೊಟ್ಟರೆ ಬಲ. ತನ್ನ ಸರದಿ ಇಲ್ಲದಾಗ ಮೈಕ್ ಕಾಲುವೆಯಿಂದ ಪೂರ್ತಿ ಕೈ ತೆಗೆಯುತ್ತದೆ. ಅದಕ್ಕೇ ಎರಡು ಮೈಕಿನ ಎಸ್‌ಡಿ ಒಂದೇ ವೈರಿಗೆ ಸೇರಿಸಿದರೂ ಏನೂ ಆಗುವುದಿಲ್ಲ.

ಮೊದಲ ಬಾರಿ ಮಾಡುವವರು ಎಡವುವುದು ಇಲ್ಲೇ. ಎಲ್/ಆರ್ ಪಿನ್ ಎರಡನ್ನೂ ಗ್ರೌಂಡಿಗೆ ಕೊಡುತ್ತಾರೆ, ಅಥವಾ ಒಂದನ್ನು ಎಲ್ಲಿಗೂ ಕೊಡದೆ ತೇಲಾಡಲು ಬಿಡುತ್ತಾರೆ. ಆಗ ಇಬ್ಬರೂ ಒಂದೇ ಸರದಿಯಲ್ಲಿ ಮಾತಾಡಿ ಎರಡೂ ಹಾಳು. ಇನ್ನೊಂದು ತಪ್ಪು, ಪ್ರೋಗ್ರಾಮಿನಲ್ಲಿ 16 ಬಿಟ್ ಅಂತ ಇಡುವುದು. ಈ ಮೈಕ್ ಒಬ್ಬೊಬ್ಬರ ಸರದಿಗೆ 32 ಎಣಿಕೆ, ಒಟ್ಟು 64 ಎಣಿಕೆ ಕೇಳುತ್ತದೆ. ಅದರಲ್ಲಿ 24 ಮಾತ್ರ ಸದ್ದು, ಉಳಿದದ್ದು ಖಾಲಿ. ಹಾಗಾಗಿ 32 ಬಿಟ್ ಅಂತ ಇಟ್ಟು ಓದಿ, ಆಮೇಲೆ ಬೇಡದ್ದನ್ನು ಬಿಡಿ.

ಎರಡು ಮೈಕಿಗೆ ಮೂರು ಪಿನ್ ಸಾಕಾಯಿತು. ನಾಲ್ಕು ಮೈಕ್ ಬೇಕೆಂದರೆ? ಇಎಸ್‌ಪಿ32 ಒಳಗೆ ಐಟುಎಸ್ ಘಟಕ ಎರಡಿವೆ. ಮೊದಲನೆಯದು ಯಜಮಾನ, ಗಡಿಯಾರ ಹೊಡೆಯುವುದು ಅದೇ. ಎರಡನೆಯದನ್ನು ಅನುಯಾಯಿ ಮಾಡಿ, ಅದೇ ಎಸ್‌ಸಿಕೆ, ಅದೇ ಡಬ್ಲ್ಯುಎಸ್ ವೈರನ್ನು ಅದಕ್ಕೂ ಕೊಟ್ಟು, ಎಸ್‌ಡಿ ಮಾತ್ರ ಬೇರೆ ತಂದರೆ ನಾಲ್ಕು ಮೈಕೂ ಒಂದೇ ತಾಳಕ್ಕೆ ನಡೆಯುತ್ತವೆ. ಅನುಯಾಯಿಯನ್ನು ಮೊದಲು ಶುರು ಮಾಡಿ, ಯಜಮಾನನನ್ನು ಆಮೇಲೆ. ಪಿನ್ ಆರಿಸುವಾಗ 6ರಿಂದ 11ರ ತನಕ ಮುಟ್ಟಬೇಡಿ, ಅವು ಬೋರ್ಡಿನ ಮೆಮೊರಿಗೆ ಸೇರಿದವು. 34ರಿಂದ 39ರವರೆಗಿನವು ಒಳಗೆ ತೆಗೆದುಕೊಳ್ಳುವುದಕ್ಕೆ ಮಾತ್ರ, ಎಸ್‌ಡಿಗೆ ಆಗುತ್ತವೆ, ಗಡಿಯಾರ ಹೊರಗೆ ಕಳಿಸಲು ಆಗುವುದಿಲ್ಲ.

ಇನ್ನೂ ಹೆಚ್ಚು ಮೈಕ್ ಬೇಕೆನ್ನುವವರಿಗೆ ಇಎಸ್‌ಪಿ32 ಎಸ್3 ಇದೆ, ಅದರಲ್ಲಿ ಟಿಡಿಎಂ ಅನ್ನುವ ಕ್ರಮ ನಡೆಯುತ್ತದೆ. ಇಬ್ಬರ ಬದಲು ಹತ್ತಾರು ಜನರಿಗೆ ಸರದಿ ಹಂಚಿದ ಹಾಗೆ. ಐಸಿಎಸ್-52000 ಅನ್ನುವ ಮೈಕನ್ನು ಒಂದರ ಹಿಂದೆ ಒಂದು ಸರಪಳಿ ಮಾಡಿ 16ರ ತನಕ ಒಂದೇ ವೈರಿಗೆ ಸೇರಿಸಬಹುದು. ಸೇರಿಸಬಹುದು ನಿಜ, ಆದರೆ ರೈತನಿಗೆ ಯಾಕೆ ಬೇಕು ಅನ್ನುವುದು ನನ್ನ ಪ್ರಶ್ನೆ.

ತೋಟದಲ್ಲಿ ಆದದ್ದು

ಜೂನ್‌ನಲ್ಲಿ ಮನೆಯ ಜಗಲಿ ಮೇಲೆ ನಾಲ್ಕು ಮೈಕ್ ಜೋಡಿಸಿದೆ. ಒಂದೊಂದು ವೈರ್ ಗೇಣುದ್ದ. ಬೆರಳಿನಿಂದ ತಟ್ಟಿದರೆ ತಟ್ಟಿದ ಮೈಕ್ ಮಾತ್ರ ಗ್ರಾಫಿನಲ್ಲಿ ಏಳುತ್ತಿತ್ತು. ತಂಗಿ ಬಂದು ಹಾಡಿ ನೋಡಿದಳು, ಮೊಬೈಲಿನಲ್ಲಿ ಸ್ಪಷ್ಟ ಕೇಳಿತು. ಗೆದ್ದೆ ಅಂದುಕೊಂಡೆ.

ತೋಟದಲ್ಲಿ ಪೆಟ್ಟಿಗೆಗಳ ನಡುವೆ ಎರಡೆರಡು ಮೀಟರ್ ಅಂತರ. ಬೋರ್ಡನ್ನು ಮೊದಲ ಪೆಟ್ಟಿಗೆಯ ಹತ್ತಿರ ಇಟ್ಟೆ. ನಾಲ್ಕನೆಯದಕ್ಕೆ ಹೋಗುವ ವೈರ್ ಆರು ಮೀಟರ್ ದಾಟಿತು. ಲ್ಯಾನ್ ಕೇಬಲ್ ಮನೆಯಲ್ಲಿತ್ತು, ಅದನ್ನೇ ಎಳೆದೆ. ಅದರಲ್ಲಿ ಎಂಟು ಎಳೆ, ಎರಡೆರಡು ಹೆಣೆದುಕೊಂಡಿರುತ್ತವೆ. ನಾನು ಬಣ್ಣ ನೋಡದೆ ಗಡಿಯಾರದ ಎಳೆಯನ್ನೂ ಸದ್ದಿನ ಎಳೆಯನ್ನೂ ಒಂದೇ ಜೋಡಿಯಲ್ಲಿ ಹಾಕಿಬಿಟ್ಟೆ.

ಇದರಲ್ಲಿ ತಪ್ಪೇನು ಅಂತ ಆಗ ಗೊತ್ತಿರಲಿಲ್ಲ. ಸೆಕೆಂಡಿಗೆ 16,000 ಸ್ಯಾಂಪಲ್ ತೆಗೆದರೆ, ಪ್ರತಿಯೊಂದಕ್ಕೂ 64 ಎಣಿಕೆ, ಗಡಿಯಾರ ಸೆಕೆಂಡಿಗೆ 10 ಲಕ್ಷ 24 ಸಾವಿರ ಸಲ ಹೊಡೆಯುತ್ತದೆ. ಐಟುಎಸ್ ಮಾಡಿದ್ದು ಒಂದೇ ಬೋರ್ಡಿನ ಮೇಲೆ ಇರುವ ಚಿಪ್‌ಗಳು ಮಾತಾಡಲಿ ಅಂತ. ಬೆರಳಳತೆಯ ದೂರಕ್ಕೆ. ಆರು ಮೀಟರ್ ವೈರಿನಲ್ಲಿ ಆ ಹೊಡೆತ ತುದಿ ಮುಟ್ಟಿ ಪ್ರತಿಧ್ವನಿಯ ಹಾಗೆ ವಾಪಸ್ ಬರುತ್ತದೆ, ಪಕ್ಕದ ಎಳೆಗೂ ಹಾಯುತ್ತದೆ. ಮೈಕ್ ಒಂದು ಹೊಡೆತವನ್ನು ಎರಡು ಅಂತ ಎಣಿಸಿದರೆ ಆ ಸರದಿಯ ಅಂಕಿ ಪೂರ್ತಿ ಜಾರಿಹೋಗುತ್ತದೆ. ಸಾವಿರ ಇದ್ದದ್ದು ಲಕ್ಷ ಆಗುತ್ತದೆ. ಕಿವಿಗೆ ಅದು 'ಚಟ್' ಅಂತ ಕೇಳಿಸುತ್ತದೆ.

ಬಿಸಿಲಿರುವ ತನಕ ಹೇಗೋ ನಡೆಯಿತು. ಜುಲೈ ಮಳೆ ಹಿಡಿದ ಮೇಲೆ ವೈರಿನ ಜೋಡಣೆಗೆ ತೇವ ಹತ್ತಿತು. ಸದ್ದಿನ ಮಟ್ಟ ಇಷ್ಟಕ್ಕಿಂತ ಮೇಲೆ ಹೋದರೆ ಮೊಬೈಲಿಗೆ ಮೆಸೇಜ್ ಬರಲಿ ಅಂತ ಸಣ್ಣ ಪ್ರೋಗ್ರಾಂ ಬರೆದಿದ್ದೆ. ಆಗಸ್ಟ್‌ನ ಒಂದು ಸಂಜೆ ಮೆಸೇಜ್ ಬಂತು: ಪೆಟ್ಟಿಗೆ 3, ಸದ್ದು ಹೆಚ್ಚು. ಹತ್ತು ನಿಮಿಷಕ್ಕೆ ಮತ್ತೆ. ಮತ್ತೆ.

ಮಳೆಗಾಲ ಅಂದರೆ ಜೇನಿಗೆ ಬರಗಾಲ. ಹೂವಿಲ್ಲ, ಹಾರಲು ಬಿಡುವಿಲ್ಲ, ನಾವು ಕೊಡುವ ಸಕ್ಕರೆ ಪಾಕದ ಮೇಲೆ ದಿನ ದೂಡುತ್ತವೆ. ಇದು ಗೊತ್ತಿದ್ದೂ ನಾನು ಜಿನುಗು ಮಳೆಯಲ್ಲಿ ಟಾರ್ಚ್ ಹಿಡಿದು ಹೋಗಿ ಮುಚ್ಚಳ ತೆಗೆದೆ. ಚೌಕಟ್ಟು ಒಂದೊಂದೇ ಎತ್ತಿ ನೋಡಿದೆ. ರಾಣಿ ಇತ್ತು, ಮೊಟ್ಟೆ ಸ್ವಲ್ಪ ಇತ್ತು, ಮೇಣದ ಹುಳು ಇಲ್ಲ. ಎಲ್ಲ ಸರಿ. ಮುಚ್ಚಿ ಬಂದೆ. ಮರುದಿನ ಮತ್ತೆ ಅದೇ ಮೆಸೇಜ್. ಏನೋ ಬಿಟ್ಟುಹೋಗಿದೆ ಅಂತ ಮತ್ತೆ ತೆಗೆದೆ. ನಾಲ್ಕನೇ ದಿನ ಬೆಳಿಗ್ಗೆ ಹೋದರೆ ಪೆಟ್ಟಿಗೆ ಖಾಲಿ. ನಾಲ್ಕಾರು ನೊಣ ಎರಿಯ ಮೇಲೆ ಸುಮ್ಮನೆ ಓಡಾಡುತ್ತಿದ್ದವು. ತುಡುವೆ ಹಾಗೇ, ಕಿರುಕುಳ ತಡೆಯುವುದಿಲ್ಲ, ಪರಾರಿ ಆಗುತ್ತದೆ.

ನಮ್ಮೂರಲ್ಲಿ ಐವತ್ತು ವರ್ಷದಿಂದ ಜೇನು ಸಾಕಿದ ಅಜ್ಜ ಒಬ್ಬರಿದ್ದಾರೆ. ಅವರ ಹತ್ತಿರ ಹೋಗಿ ಹೇಳಿದೆ. ಅವರು ಬಯ್ಯಲಿಲ್ಲ. "ತಮಾ, ಮಳೆಗಾಲದಾಗೆ ಯಾರಾದ್ರೂ ಬಂದು ಎರಡೆರಡು ಸಲ ನಿನ್ನ ಮನೆ ಹೆಂಚು ತೆಗೆದ್ರೆ ನೀನು ಅಲ್ಲೇ ಕೂತ್ಕಂತ್ಯಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡು ಕುಟುಂಬ ಒಂದೇ ಕ್ಷಣದಲ್ಲಿ ಕೂಗುವುದಿಲ್ಲ

ಒಂದು ವಾರ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಕಾರ್ಡಿನಲ್ಲಿ ಉಳಿದಿದ್ದ ರೆಕಾರ್ಡಿಂಗ್ ತೆಗೆದು ನೋಡಿದೆ. ಅಷ್ಟು ದಿನ ಮೊಬೈಲಿನಲ್ಲಿ ಒಂದೊಂದು ಪೆಟ್ಟಿಗೆಯ ಗ್ರಾಫ್ ಬೇರೆ ಬೇರೆ ನೋಡುತ್ತಿದ್ದೆ. ಈಗ ಮೂರನೆಯದನ್ನೂ ನಾಲ್ಕನೆಯದನ್ನೂ ಒಂದರ ಕೆಳಗೆ ಒಂದು ಇಟ್ಟು ದೊಡ್ಡದು ಮಾಡಿದೆ. ಮೂರರಲ್ಲಿ 'ಚಟ್' ಬಂದಲ್ಲೆಲ್ಲ ನಾಲ್ಕರಲ್ಲೂ 'ಚಟ್'. ಹತ್ತಿರ ಹತ್ತಿರ ಅಲ್ಲ, ಸರಿಯಾಗಿ ಅದೇ ಸ್ಯಾಂಪಲ್‌ನಲ್ಲಿ.

16,000ರಲ್ಲಿ ಒಂದು ಸ್ಯಾಂಪಲ್ ಅಂದರೆ 62.5 ಮೈಕ್ರೋಸೆಕೆಂಡ್. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ ಒಂದು ಸ್ಯಾಂಪಲ್ ಕಾಲದಲ್ಲಿ ಬರೀ ಎರಡು ಸೆಂಟಿಮೀಟರ್. ಒಂದು ಪೆಟ್ಟಿಗೆಯ ಸದ್ದು ಎರಡು ಮೀಟರ್ ಆಚೆಯ ಪೆಟ್ಟಿಗೆ ಮುಟ್ಟಲು ಆರು ಮಿಲಿಸೆಕೆಂಡ್, ಅಂದರೆ ತೊಂಬತ್ತಕ್ಕೂ ಹೆಚ್ಚು ಸ್ಯಾಂಪಲ್ ಬೇಕು. ಎರಡು ಮೈಕ್ ಒಂದೇ ಸ್ಯಾಂಪಲ್‌ನಲ್ಲಿ ಎದ್ದರೆ ಅದು ಜೇನಲ್ಲ, ಮಳೆಯಲ್ಲ, ಯಾವ ಸದ್ದೂ ಅಲ್ಲ. ಅದು ವೈರ್. ಮೂರು ಮತ್ತು ನಾಲ್ಕು ಒಂದೇ ಎಸ್‌ಡಿ ವೈರ್ ಹಂಚಿಕೊಂಡಿದ್ದವು, ಎಡ-ಬಲ ಜೋಡಿ. ಉತ್ತರ ಮೊದಲ ದಿನದಿಂದ ನನ್ನ ಕಾರ್ಡಿನಲ್ಲೇ ಇತ್ತು.

ಆ ರಾತ್ರಿ ನನಗೆ ಹೊಳೆದದ್ದು ಇಷ್ಟು. ಒಂದೇ ಬೋರ್ಡಿಗೆ ಎರಡು ಮೈಕ್ ಜೋಡಿಸಿದಾಗ ನಾವು ಕೊಳ್ಳುವುದು ಎರಡು ಕಿವಿಯಲ್ಲ, ಒಂದೇ ಗಡಿಯಾರ. ಎರಡು ಬೇರೆ ಬೋರ್ಡಿನ ರೆಕಾರ್ಡಿಂಗನ್ನು ಇಷ್ಟು ನಿಖರವಾಗಿ ಪಕ್ಕದಲ್ಲಿಟ್ಟು ನೋಡುವುದು ಬಹಳ ಕಷ್ಟ. ಒಂದೇ ಬೋರ್ಡಿನಲ್ಲಿ ಅದು ಸುಮ್ಮನೆ ಸಿಗುತ್ತದೆ. ಹಾಗಾದರೆ ಅದನ್ನು ಎಲ್ಲಿ ಬಳಸಬೇಕು? ಒಂದೇ ಕ್ಷಣ ಅನ್ನುವುದಕ್ಕೆ ಬೆಲೆ ಇರುವಲ್ಲಿ. ಒಂದನೇ ಪೆಟ್ಟಿಗೆ ಮತ್ತು ನಾಲ್ಕನೇ ಪೆಟ್ಟಿಗೆಯ ಸದ್ದು ಒಂದೇ ಕ್ಷಣದ್ದಾಗಿರಬೇಕು ಅಂತ ಏನಿದೆ? ಏನೂ ಇಲ್ಲ. ಅವಕ್ಕೆ ಬೇರೆ ಬೇರೆ ಬೋರ್ಡ್ ಇದ್ದರೆ ಯಾವ ನಷ್ಟವೂ ಇಲ್ಲ. ನಾನು ಗಡಿಯಾರ ಹಂಚುವುದಕ್ಕೆ ಆರು ಮೀಟರ್ ವೈರ್ ಎಳೆದೆ, ಆ ಗಡಿಯಾರದಿಂದ ಮಾತ್ರ ಯಾವ ಉಪಯೋಗವನ್ನೂ ಪಡೆಯಲಿಲ್ಲ.

ನಿಮ್ಮ ಮೊಬೈಲೇ ಪಾಠ

ನಿಮ್ಮ ಕೈಯಲ್ಲಿರುವ ಮೊಬೈಲ್ ನೋಡಿ. ಕೆಳಗಿನ ಅಂಚಿನಲ್ಲಿ ಒಂದು ಸಣ್ಣ ತೂತು, ಸಾಮಾನ್ಯವಾಗಿ ಮೇಲಿನ ಅಂಚಿನಲ್ಲೋ ಕ್ಯಾಮೆರಾ ಪಕ್ಕದಲ್ಲೋ ಇನ್ನೊಂದು. ಎರಡೂ ಮೈಕ್. ಕೆಳಗಿನದು ನಿಮ್ಮ ಮಾತು ಕೇಳಲು. ಮೇಲಿನದು ಸುತ್ತಲಿನ ಗಲಾಟೆ ಕೇಳಲು. ಟ್ರ್ಯಾಕ್ಟರ್ ಪಕ್ಕ ನಿಂತು ಮಾತಾಡಿದರೂ ಆ ಕಡೆಯವರಿಗೆ ನಿಮ್ಮ ದನಿ ಕೇಳುತ್ತದೆ ಅಂದರೆ ಅದಕ್ಕೆ ಒಂದು ಕಾರಣ ಮೇಲಿನ ಮೈಕ್. ಎರಡರಲ್ಲೂ ಸಮನಾಗಿ ಬಂದದ್ದು ಗಲಾಟೆ, ಕೆಳಗೆ ಜೋರಾಗಿ ಮೇಲೆ ಮೆಲ್ಲಗೆ ಬಂದದ್ದು ಮಾತು. ಇದು ಅಲ್ಲಿ ನಡೆಯುವ ಲೆಕ್ಕ.

ಜೇನು ಪೆಟ್ಟಿಗೆಗೂ ಇದೇ ಲೆಕ್ಕ ಹಾಕಬೇಕು ಅನ್ನುವುದು ನನ್ನ ವಾದ. ಒಂದು ಮೈಕ್ ಒಳಗೆ, ಒಂದು ಹೊರಗೆ. ಹೊರಗಿನದು ಜೇನಿನ ಬಗ್ಗೆ ಏನೂ ಹೇಳುವುದಿಲ್ಲ. ಅದು ಸಾಕ್ಷಿ. ಒಳಗಿನ ಮೈಕ್ ಹೇಳಿದ್ದು ಎಷ್ಟು ನಿಜ ಅಂತ ಹೇಳುವ ಸಾಕ್ಷಿ.

ಈಗ ನಾನು ಮಾಡಿಕೊಂಡಿರುವುದು ಹೀಗೆ. ಒಳಮುಚ್ಚಳದಲ್ಲಿ ಒಂದು ತೂತು ಕೊರೆದು, ಕೆಳಗಿನಿಂದ ಸಣ್ಣ ಸ್ಟೀಲ್ ಜಾಲರಿ ಹೊಡೆದು, ಮೈಕನ್ನು ಮೇಲಿನಿಂದ ಕೂರಿಸಿದ್ದೇನೆ. ಮೈಕ್ ಕೆಟ್ಟರೆ ಹೊರಮುಚ್ಚಳ ಎತ್ತಿದರೆ ಸಾಕು, ಜೇನಿನ ತಂಟೆಗೆ ಹೋಗಬೇಕಿಲ್ಲ. ಐಎನ್‌ಎಂಪಿ441ಕ್ಕೆ ಸದ್ದು ಹೋಗುವ ತೂತು ಸೂಜಿ ಮೊನೆಯಷ್ಟೇ ಇರುವುದು, ಪಿನ್ ಬೆಸೆಯುವಾಗ ಫ್ಲಕ್ಸ್ ಅಥವಾ ಅಂಟು ಅದರೊಳಗೆ ಹೋದರೆ ಮೈಕ್ ಕಿವುಡು. ಹೊರಗಿನ ಮೈಕ್ ಪೆಟ್ಟಿಗೆಯ ಹಿಂಬದಿಯಲ್ಲಿ, ಮುಚ್ಚಳದ ಚಾಚಿನ ಕೆಳಗೆ, ಮಳೆ ಹನಿ ನೇರ ಬೀಳದ ಹಾಗೆ. ಬೋರ್ಡು ಅದರ ಪಕ್ಕದಲ್ಲೇ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಯಾವ ವೈರೂ ಒಂದು ಅಡಿ ಮೀರಿಲ್ಲ. ಲ್ಯಾನ್ ಕೇಬಲ್ ತುಂಡನ್ನೇ ಬಳಸಿದ್ದೇನೆ, ಆದರೆ ಈ ಸಲ ಪ್ರತಿ ಜೋಡಿಯಲ್ಲಿ ಒಂದು ಎಳೆ ಗ್ರೌಂಡ್. ನಾಲ್ಕು ಜೋಡಿ: ಎಸ್‌ಸಿಕೆ, ಡಬ್ಲ್ಯುಎಸ್, ಎಸ್‌ಡಿ, ಕರೆಂಟು. ಅಳೆದು ಕೊಟ್ಟ ಹಾಗೆ ಸರಿ ಹೋಯಿತು. ಕರೆಂಟು 3.3 ವೋಲ್ಟ್ ಮಾತ್ರ. 5 ವೋಲ್ಟ್ ಕೊಟ್ಟರೆ ಮೈಕ್ ಸುಟ್ಟುಹೋಗುತ್ತದೆ, ನಾನು ಎರಡು ಸುಟ್ಟಿದ್ದೇನೆ. ಪ್ರತಿ ಮೈಕಿನ ಬುಡದಲ್ಲಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಎಸ್‌ಡಿ ವೈರಿನಿಂದ ಗ್ರೌಂಡಿಗೆ 100 ಕಿಲೋ ಓಮ್ ರೆಸಿಸ್ಟರ್. ವೈಫೈ ಕಳಿಸುವಾಗ ಬೋರ್ಡು ಕರೆಂಟನ್ನು ಗಬಕ್ಕನೆ ಎಳೆಯುತ್ತದೆ, ಅದು ಮೈಕಿಗೂ ತಟ್ಟುತ್ತದೆ. ಹಾಗಾಗಿ ಮೊದಲು ರೆಕಾರ್ಡ್, ಅದು ಮುಗಿದ ಮೇಲೆ ಕಳಿಸುವುದು.

ಕೂರಿಸಿದ ಮೇಲೆ ಬೆರಳಿನಿಂದ ತಟ್ಟಿ ಯಾವುದು ಎಡ, ಯಾವುದು ಬಲ ಅಂತ ಖಚಿತ ಮಾಡಿಕೊಳ್ಳಿ. ಇಎಸ್‌ಪಿ32ರ ಕೆಲವು ಹಳೆಯ ಲೈಬ್ರರಿಗಳಲ್ಲಿ ಎಡ-ಬಲ ಅದಲು ಬದಲಾಗಿ ಬರುತ್ತದೆ. ಸಾಕ್ಷಿಯನ್ನೇ ಆರೋಪಿ ಅಂದುಕೊಂಡರೆ ಕಥೆ ಮುಗಿಯಿತು.

ಹತ್ತು ನಿಮಿಷಕ್ಕೊಮ್ಮೆ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿದರೆ ಜೇನಿಗೆ ಧಾರಾಳ ಸಾಕು. ಎರಡು ಮೈಕ್, 16 ಬಿಟ್ಟಿಗೆ ಇಳಿಸಿ ಉಳಿಸಿದರೆ ದಿನಕ್ಕೆ ಸುಮಾರು 92 ಎಂಬಿ. 32 ಜಿಬಿ ಕಾರ್ಡಿಗೆ ಹನ್ನೊಂದು ತಿಂಗಳು ಬರುತ್ತದೆ. ಬಿಡದೆ ರೆಕಾರ್ಡ್ ಮಾಡುವ ಆಸೆ ಬೇಡ, ಅಷ್ಟನ್ನು ಕೂತು ಕೇಳುವವರು ಯಾರು?

ಓದುವ ಕ್ರಮವೂ ಸರಳ. ಒಳಗೆ ಹೆಚ್ಚು, ಹೊರಗೆ ಶಾಂತ ಅಂದರೆ ಜೇನೇ ಮಾತಾಡುತ್ತಿದೆ. ಒಳಗೂ ಹೊರಗೂ ಒಟ್ಟಿಗೆ ಏರಿದರೆ ಮಳೆ, ಪಂಪು, ಇಲ್ಲವೇ ರಸ್ತೆಯ ಗಾಡಿ. ಎರಡೂ ಒಂದೇ ಸ್ಯಾಂಪಲ್‌ನಲ್ಲಿ ನೆಗೆದರೆ ವೈರ್ ಅಥವಾ ಕರೆಂಟು. ಇಷ್ಟು ನೋಡಿದ ಮೇಲೂ ಜೇನೇ ಅನ್ನಿಸಿದರೆ ಮುಚ್ಚಳ ತೆಗೆಯಲು ಓಡಬೇಡಿ. ಬಾಗಿಲ ಹತ್ತಿರ ಹತ್ತು ನಿಮಿಷ ಕೂತು ನೋಡಿ. ಕಾಲಿಗೆ ಪರಾಗ ಕಟ್ಟಿಕೊಂಡು ನೊಣ ಒಳಗೆ ಹೋಗುತ್ತಿದ್ದರೆ ಒಳಗೆ ಮರಿ ಇದೆ, ಸಂಸಾರ ನಡೆಯುತ್ತಿದೆ ಅಂತ ತಿಳಿಯಬಹುದು.

ತೆಂಗಿಗೂ ಇದೇ

ತೆಂಗು ಬೆಳೆಯುವ ಗೆಳೆಯರು ಕೆಂಪು ಮೂತಿ ಹುಳುವಿಗೆ ಮೈಕ್ ಹಾಕಬಹುದಾ ಅಂತ ಕೇಳುತ್ತಾರೆ. ಹುಳು ಕಾಂಡದೊಳಗೆ ಕೊರೆಯುವ ಕರಕರ ಸದ್ದು ಕಿವಿ ಹಚ್ಚಿದರೆ ಕೇಳುತ್ತದೆ ಅನ್ನುವುದು ಹಳೆಯ ಅನುಭವ, ಬೇರೆ ಬೇರೆ ದೇಶಗಳಲ್ಲಿ ಅದರ ಮೇಲೆ ಸಂಶೋಧನೆಯೂ ನಡೆದಿದೆ. ಆದರೆ ಗಾಳಿಯ ಸದ್ದು ಕೇಳುವ ಮೈಕನ್ನು ಸುಮ್ಮನೆ ಕಾಂಡಕ್ಕೆ ಕಟ್ಟಿದರೆ ಗರಿ ಬಡಿದಾಟವೇ ಕೇಳುವುದು. ಸ್ಟೆತಸ್ಕೋಪಿನ ಬಟ್ಟಲಿನಂಥದ್ದರಲ್ಲಿ ಮೈಕನ್ನು ಮುಚ್ಚಿ ಕಾಂಡಕ್ಕೆ ಒತ್ತಿ ಕಟ್ಟಬೇಕು, ಪಕ್ಕದಲ್ಲೇ ಗಾಳಿಗೆ ತೆರೆದ ಇನ್ನೊಂದು ಮೈಕ್ ಬೇಕು. ಕೊರೆಯುವ ಸದ್ದು ಕೆಲವೇ ಮಿಲಿಸೆಕೆಂಡಿನ ಚಿಟಿಕೆ. ಆ ಚಿಟಿಕೆ ಹೊರಗಿನ ಮೈಕಿನಲ್ಲೂ ಇದೆಯಾ ಇಲ್ಲವಾ ಅಂತ ನೋಡಲು ಎರಡಕ್ಕೂ ಒಂದೇ ಗಡಿಯಾರ ಬೇಕೇ ಬೇಕು. ಇಲ್ಲಿ ಒಂದೇ ಬೋರ್ಡಿಗೆ ಎರಡು ಮೈಕ್ ಅನ್ನುವುದಕ್ಕೆ ಪೂರ್ತಿ ಅರ್ಥ ಇದೆ. ಹತ್ತು ಮರಕ್ಕೆ ಹತ್ತು ಮೈಕ್ ಎಳೆದು ಒಂದೇ ಬೋರ್ಡಿಗೆ ತರುವುದಕ್ಕೆ ಇಲ್ಲ.

ಹಂದಿ ಯಾವ ದಿಕ್ಕಿನಿಂದ ಬಂತು ಅಂತ ತಿಳಿಯಲು ನಾಲ್ಕು ಮೈಕ್ ಬೇಕು ಅನ್ನುವವರೂ ಇದ್ದಾರೆ. ಲೆಕ್ಕದಲ್ಲಿ ಸರಿ. ಮೈಕ್‌ಗಳ ನಡುವೆ 10 ಸೆಂಟಿಮೀಟರ್ ಇಟ್ಟರೆ, 16,000ದ ವೇಗದಲ್ಲಿ ಹೆಚ್ಚೆಂದರೆ ನಾಲ್ಕೈದು ಸ್ಯಾಂಪಲ್ ವ್ಯತ್ಯಾಸ ಸಿಗುತ್ತದೆ. ಅದರಿಂದ ಈ ಕಡೆಯೋ ಆ ಕಡೆಯೋ ಅಂತ ಅಂದಾಜು ಹೇಳಬಹುದು, ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ. ಮೇಲೆ ಗಾಳಿ ಬೀಸಿದರೆ ಅದೂ ಇಲ್ಲ. ಹವ್ಯಾಸಕ್ಕೆ ಮಾಡಿ, ಬೆಳೆ ಕಾಯಲು ನಂಬಬೇಡಿ.

ಖರ್ಚಿನ ಮಾತು, ಮತ್ತೆ ಮಾರುವವರ ಮಾತು

ಪೆಟ್ಟಿಗೆಗೊಂದು ಬೋರ್ಡ್ ಅಂದರೆ ದುಬಾರಿ ಆಗೋದಿಲ್ವಾ ಅಂತ ನೀವು ಕೇಳಬಹುದು. ಆಗುತ್ತದೆ. ನಾನು ಕೊಂಡಾಗ ಬೋರ್ಡಿಗೆ ಐನೂರು ರೂಪಾಯಿ ಒಳಗೆ ಬಿತ್ತು, ಮೈಕ್ ಒಂದಕ್ಕೆ ಇನ್ನೂರರ ಆಸುಪಾಸು. ಆದರೆ ಒಂದು ತುಡುವೆ ಕುಟುಂಬ ಪೆಟ್ಟಿಗೆ ಸಮೇತ ಕೊಳ್ಳಲು ಹೋದರೆ ಎಷ್ಟು ಅಂತ ನಿಮಗೇ ಗೊತ್ತು. ಮತ್ತೆ ಎಲ್ಲ 13 ಪೆಟ್ಟಿಗೆಗೂ ಯಾಕೆ ಹಾಕಬೇಕು? ಬಲವಾದದ್ದು ಒಂದು, ಬಲ ಕಮ್ಮಿ ಇರುವುದು ಒಂದು, ಹೀಗೆ ಎರಡಕ್ಕೆ ಹಾಕಿದರೆ ಕಲಿಯಲು ಸಾಕು. ಉಳಿದವನ್ನು ಕಿವಿಯಿಂದಲೇ ಕೇಳಿ. ಕಿವಿಗೆ ಬ್ಯಾಟರಿ ಬೇಡ.

ರೆಡಿಮೇಡ್ ಉಪಕರಣ ಮಾರಲು ಬರುವವರಿಗೂ ಒಂದು ಮಾತು ಕೇಳಿ. 'ನಿಮ್ಮ ಕುಟುಂಬ ಒತ್ತಡದಲ್ಲಿದೆ' ಅಂತ ಆ್ಯಪ್ ಕೆಂಪು ಬಣ್ಣ ತೋರಿಸಿದಾಗ, ಆ ಸದ್ದನ್ನು ನನಗೆ ಕೇಳಿಸುತ್ತೀರಾ? ಹೊರಗಿನ ಸದ್ದಿಗೆ ಬೇರೆ ಮೈಕ್ ಇದೆಯಾ? ಎಂಥ ಜೇನಿನ ಸದ್ದು ಕೇಳಿಸಿ ಇದಕ್ಕೆ ಕಲಿಸಿದ್ದು, ತುಡುವೆಯಾ ಮೆಲಿಫೆರಾನಾ? ಈ ಮೂರಕ್ಕೆ ನೇರ ಉತ್ತರ ಬರದಿದ್ದರೆ ನಾನು ಕೊಳ್ಳುವುದಿಲ್ಲ. ನನ್ನದೇ ಪ್ರೋಗ್ರಾಂ ಕಳಿಸಿದ ಮೆಸೇಜ್‌ನಲ್ಲೂ ಸದ್ದು ಇರಲಿಲ್ಲ, ಬರೀ ಒಂದು ಸಾಲು ಇತ್ತು. ಅದೇ ಸಂಜೆ ಹತ್ತು ಸೆಕೆಂಡ್ ಹೆಡ್‌ಫೋನ್ ಹಾಕಿ ಕೇಳಿದ್ದರೆ, ಆ 'ಚಟ್ ಚಟ್' ಜೇನಿನದಲ್ಲ ಅಂತ ಶಾಲೆಗೆ ಹೋಗುವ ಮಗುವಿಗೂ ಗೊತ್ತಾಗುತ್ತಿತ್ತು. ಈಗ ಮೆಸೇಜ್ ಜೊತೆ ಎರಡೂ ಮೈಕಿನ ರೆಕಾರ್ಡಿಂಗ್ ಬರುವ ಹಾಗೆ ಮಾಡಿದ್ದೇನೆ, ಎಡಗಿವಿಗೆ ಒಳಗಿನದು, ಬಲಗಿವಿಗೆ ಹೊರಗಿನದು. ಇಯರ್‌ಫೋನ್ ಹಾಕಿದರೆ ಗ್ರಾಫೇ ಬೇಡ.

ನಮ್ಮ ಕಡೆ ತುಡುವೆ ಪಾಲಾಗುವ ಕಾಲ ನವೆಂಬರ್ ಹೊತ್ತಿಗೆ ಶುರುವಾಗುತ್ತದೆ. ಬಲವಾದ ಪೆಟ್ಟಿಗೆಯಲ್ಲಿ ಆಗ ಏನು ಕೇಳುತ್ತದೆ ಅಂತ ಈ ಸಲ ಮೊದಲಿನಿಂದ ಕೊನೆಯ ತನಕ ರೆಕಾರ್ಡ್ ಮಾಡುವ ಆಸೆ ಇದೆ. ಖಾಲಿಯಾದ ಮೂರನೇ ಪೆಟ್ಟಿಗೆಯನ್ನು ಬಿಸಿಲಿಗೆ ಒಣಗಿಸಿ, ಹಳೆ ಎರಿ ತೆಗೆದು ಇಟ್ಟಿದ್ದೇನೆ. ಪಾಲು ಸಿಕ್ಕರೆ ತಂದು ಕೂರಿಸಿಕೊಡ್ತೀನಿ ಅಂತ ಅಜ್ಜ ಹೇಳಿದ್ದಾರೆ. ಅದಕ್ಕೆ ಮೈಕ್ ಹಾಕುವುದು ಮುಂದಿನ ಮಳೆಗಾಲ ಕಳೆದ ಮೇಲೆ.